ಒಗ್ಗರಣೆ ಡಬ್ಬಿಯೂ ಮನಸ್ಸಿನ ನೆಮ್ಮದಿಯೂ

ಮಾಘಮಾಸದಲ್ಲಿ ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಪ್ರಯಾಣ ಮಾಡುವವರಿಗೆ ಈ ಸೀಮೆಯ ಪರಿಚಯವು ಕಣ್ಣಿಗಿಂತ ಮೊದಲು ಮೂಗಿಗೆ ಆಗುತ್ತದೆ. ವೈಶಾಖ ಜ್ಯೇಷ್ಠಗಳಲ್ಲಿ ನೆಟ್ಟ ಅರಿಸಿನವು ಎಂಟೊಂಬತ್ತು ತಿಂಗಳು ನೆಲದೊಳಗಿದ್ದು ಆಗ ಹೊರಕ್ಕೆ ಬರುತ್ತದೆ. ಅಗೆದ ಗೆಡ್ಡೆಯನ್ನು ಬಿಡಿಸಿ, ನೀರಿನಲ್ಲಿ ಬೇಯಿಸಿ, ಹತ್ತು ಹದಿನೈದು ದಿನ ಕಣದಲ್ಲಿ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಉಜ್ಜಿ ಹೊಳಪು ಕೊಡುತ್ತಾರೆ. ಐದು ಮೂಟೆ ಹಸಿ ಅರಿಸಿನವು ಒಣಗಿದರೆ ಹೆಚ್ಚು ಕಡಮೆ ಒಂದು ಮೂಟೆ ಉಳಿಯುತ್ತದೆ. ಹೀಗೆ ಸಿದ್ಧವಾದ ಕೊಂಬು ಊರಿನ ಮಾರುಕಟ್ಟೆಯಲ್ಲಿಯೋ, ದಿಂಬಂ ಘಟ್ಟವನ್ನಿಳಿದು ಈರೋಡಿನ ಪೇಟೆಯಲ್ಲಿಯೋ ಮಾರಾಟವಾಗಿ, ಅಲ್ಲಿಂದ ನಾಡಿನ ನಾನಾ ಭಾಗಗಳ ಒಗ್ಗರಣೆ ಡಬ್ಬಿಗಳನ್ನು ಸೇರುತ್ತದೆ.

ಆ ಡಬ್ಬಿಯಲ್ಲಿರುವ ಸಂಬಾರ ಪದಾರ್ಥಗಳು ನಾಲಗೆಯ ರುಚಿಗಾಗಿ ಮಾತ್ರ ಇರತಕ್ಕವೆಂದು ನಮ್ಮ ಹಿರಿಯರು ಎಂದೂ ಭಾವಿಸಿರಲಿಲ್ಲ. ದುಃಖದಲ್ಲಿದ್ದವರಿಗೆ, ಹೆದರಿದವರಿಗೆ, ಹೆತ್ತು ಬಳಲಿದವರಿಗೆ, ನಿದ್ರೆಯಿಲ್ಲದೆ ಹೊರಳುವವರಿಗೆ ಸಮಾಧಾನ ಹೇಳಲು ಅವರು ಮೊದಲು ಕೈ ಚಾಚುತ್ತಿದ್ದುದು ಆ ಡಬ್ಬಿಗೇ. ಈಗಲಾದರೋ ಅದೇ ಅರಿಸಿನದ ಸಾರವನ್ನು ಗುಳಿಗೆಯಲ್ಲಿ ತುಂಬಿ, ಮನೋವ್ಯಥೆಯನ್ನು ಪರಿಹರಿಸುವ ಮದ್ದೆಂದು ಆಕರ್ಷಕವಾದ ಸೀಸೆಗಳಲ್ಲಿ ಮಾರಲಾಗುತ್ತಿದೆ. ಹಿರಿಯರ ವಾಡಿಕೆಯಲ್ಲಿ ಇದ್ದ ಸತ್ಯವೇನು, ಅದರ ಹೆಸರಿನಲ್ಲಿ ನಡೆಯುವ ವ್ಯಾಪಾರದಲ್ಲಿ ಇರುವ ಸತ್ಯವೆಷ್ಟು, ಇವೆರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ಅನ್ನಕ್ಕೂ ಮನಸ್ಸಿಗೂ ಸಂಬಂಧವುಂಟೆಂಬುದು ಕನ್ನಡ ನಾಡಿಗೆ ಹೊಸ ಮಾತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಸಂಸ್ಕೃತ ಗ್ರಂಥವು ಅಡಿಗೆಯ ವಿಷಯವನ್ನೂ ವಿಸ್ತಾರವಾಗಿ ಹೇಳುತ್ತದೆ. ಇಂಗು, ಜೀರಿಗೆ, ಮೆಣಸುಗಳ ಪಾಕಗಳು ಅದರಲ್ಲಿವೆ. ಆ ಗ್ರಂಥಕ್ಕೆ ಅವನಿಟ್ಟ ಹೆಸರು ‘ಮಾನಸೋಲ್ಲಾಸ’. ಅದಕ್ಕೂ ನೂರು ವರ್ಷ ಮೊದಲು ಕನ್ನಡದಲ್ಲಿಯೇ ಬರೆದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡಿಗೆಯೂ ವೈದ್ಯವೂ ಒಂದೇ ಪುಸ್ತಕದ ಅಂಗಗಳಾಗಿವೆ. ಚರಕಸಂಹಿತೆಯ ವಿಮಾನಸ್ಥಾನವಂತೂ ಚಿಂತೆ, ಶೋಕ, ಭಯ, ಕ್ರೋಧಗಳಲ್ಲಿರುವವನಿಗೆ ಹಿತವಾದ ಆಹಾರವನ್ನು ಮಿತವಾಗಿ ಕೊಟ್ಟರೂ ಅದು ಜೀರ್ಣವಾಗದೆಂದು ಸ್ಪಷ್ಟವಾಗಿ ಹೇಳಿದೆ. ಶೋಕದಲ್ಲಿರುವವರ ಎಲೆಗೆ ಶುಂಠಿ, ಜೀರಿಗೆ, ಮೆಣಸು, ಇಂಗುಗಳನ್ನು ಬೆರಸಿದ ತಿಳಿಸಾರನ್ನು ಬಡಿಸುವ ಪದ್ಧತಿಯನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಕುಗ್ಗಿದ ಮನಸ್ಸು ಜಠರಾಗ್ನಿಯನ್ನೂ ಕುಗ್ಗಿಸುತ್ತದೆ. ಅಗ್ನಿಯನ್ನು ಎಬ್ಬಿಸಿದರೆ ಮನಸ್ಸಿಗೂ ಕಿಂಚಿತ್ತು ಆಸರೆಯಾದೀತೆಂಬುದೇ ಅವರ ತರ್ಕ.

ಮನೆಯ ವಾಡಿಕೆಗಳನ್ನು ನೋಡಿದರೆ ಈ ಅರ್ಥವು ಇನ್ನೂ ಸ್ಪಷ್ಟವಾಗುತ್ತದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರೂ ನಂಟರೂ ಅನ್ನ ಸಾರು ತಂದು, ಒಲ್ಲೆನೆನ್ನುವವರನ್ನು ಒತ್ತಾಯದಿಂದ ಕೂರಿಸಿ ಉಣ್ಣಿಸುತ್ತಾರೆ. ಸೂತಕದ ದಿನಗಳಲ್ಲಿ ಅನೇಕ ಮನೆಗಳಲ್ಲಿ ಸಾರಿಗೆ ಒಗ್ಗರಣೆ ಹಾಕುವುದಿಲ್ಲ. ಆ ದಿನಗಳು ಕಳೆದು, ಕಾದ ಎಣ್ಣೆಯಲ್ಲಿ ಸಾಸಿವೆ ಚಟಪಟ ಸಿಡಿದ ಸದ್ದು ಮತ್ತೆ ಕೇಳಿದಾಗ, ಬದುಕು ತನ್ನ ದಾರಿಗೆ ಮರಳಿತೆಂಬುದನ್ನು ಮನೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಬಾಣಂತಿಯ ಕೋಣೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಮೆಣಸುಗಳ ಬಿಸಿ ಸಾರು, ಮೈಗೆ ಅರಿಸಿನ, ಎಣ್ಣೆ ನೀರು. ಇವುಗಳೊಡನೆ ನಲವತ್ತು ದಿನ ತಾಯಿಯೋ ಅಜ್ಜಿಯೋ ಪಕ್ಕದಲ್ಲಿದ್ದು ಮಾಡುವ ಶುಶ್ರೂಷೆ. ಹೆರಿಗೆಯ ತರುವಾಯ ಕೆಲವು ತಾಯಂದಿರಿಗೆ ತೀವ್ರವಾದ ಖಿನ್ನತೆ ಉಂಟಾಗುವುದೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ಹೊಸ ತಾಯಿಯನ್ನು ಒಂಟಿಯಾಗಿ ಬಿಡಬಾರದೆಂಬ ವಿವೇಕವು ನಮ್ಮ ಬಾಣಂತನದ ಪದ್ಧತಿಯಲ್ಲಿ ಅಡಗಿತ್ತು.

ಹೆದರಿ ಅಳುವ ಮಗುವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದೂ, ಊರಿನಿಂದ ಬಂದವರಿಗೂ ಮದುಮಕ್ಕಳಿಗೂ ಅರಿಸಿನ ಸುಣ್ಣ ಕದಡಿದ ಕೆಂಪು ನೀರಿನ ಆರತಿ ಎತ್ತುವುದೂ ಇದೇ ಜಾತಿಗೆ ಸೇರಿದ ಆಚಾರಗಳು. ಸುಣ್ಣದ ಕ್ಷಾರವು ತಗುಲಿದರೆ ಅರಿಸಿನದ ಹಳದಿಯು ಕೆಂಪಾಗುವುದು ರಸಾಯನಶಾಸ್ತ್ರದ ಸಾಮಾನ್ಯ ನಿಯಮ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದುದು. ಇಲ್ಲಿಯ ಕರಿಯ ಮೆಣಸಿನ ಹೆಸರನ್ನೇ ಸಾಲ ಪಡೆದು ಅದು ಮೆಣಸಿನಕಾಯಿಯಾಯಿತು. ಆದಕಾರಣ ಅದನ್ನು ನಿವಾಳಿಸುವ ಆಚಾರವು ಅನಾದಿಯೆಂದು ವಾದಿಸುವುದು ಸಲ್ಲದು. ಆದರೂ ತಾಯಿಯು ಎದುರಿಗೆ ಕುಳಿತು, ಮಗುವಿನ ಮುಖವನ್ನೇ ನೋಡುತ್ತ ಮೂರು ಸಲ ಕೈ ಸುತ್ತಿದಾಗ ಅದು ಸುಮ್ಮನಾಗುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಸುಮ್ಮನಾಗಿಸಿದುದು ಮೆಣಸಿನಕಾಯಿಯಲ್ಲ, ತಾಯಿಯ ಗಮನವೆಂದು ನಾವು ಹೇಳಿದರೆ ಆಚಾರಕ್ಕೆ ಅಗೌರವವಾಗದು.

ಇನ್ನು ಗುಳಿಗೆಯ ವಿಷಯ. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ಪದಾರ್ಥವನ್ನು ಯೂರೋಪಿನ ರಸಾಯನಜ್ಞರು 1815ರಲ್ಲಿ ಬೇರ್ಪಡಿಸಿದರು. 1910ರಲ್ಲಿ ಅದರ ರಚನೆಯು ತಿಳಿಯಿತು. ಖಿನ್ನತೆಯ ಮೇಲೆ ಅದರ ಪರಿಣಾಮವನ್ನು ಪರೀಕ್ಷಿಸಿದವರಲ್ಲಿ ಗುಜರಾತಿನ ಭಾವನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನವರು ಗಮನಾರ್ಹರು. 2014ರಲ್ಲಿ ಮುದ್ರಿತವಾದ ಅವರ ವರದಿಯ ಪ್ರಕಾರ, 60 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ವಾಡಿಕೆಯ ಔಷಧವನ್ನೂ, ಒಂದಕ್ಕೆ ದಿನಕ್ಕೆ 1000 ಮಿಲಿಗ್ರಾಂ ಕರ್ಕ್ಯುಮಿನ್ನನ್ನೂ, ಮತ್ತೊಂದಕ್ಕೆ ಎರಡನ್ನೂ ಆರು ವಾರ ಕೊಟ್ಟರು. ಮೂರು ಗುಂಪುಗಳಲ್ಲಿಯೂ ಚೇತರಿಕೆ ಕಂಡುಬಂತು. ಅವುಗಳ ನಡುವೆ ಗಣನೀಯವಾದ ವ್ಯತ್ಯಾಸವೇನೂ ತೋರಲಿಲ್ಲ. ಇದು ಆಶಾದಾಯಕವಾದ ಆರಂಭ. ಆದರೆ ರೋಗಿಗಳ ಸಂಖ್ಯೆ ಸ್ವಲ್ಪ. ಏನೂ ಗುಣವಿಲ್ಲದ ಹುಸಿಮದ್ದನ್ನು ಕೊಟ್ಟು ಹೋಲಿಸುವ ಗುಂಪು ಅಲ್ಲಿರಲಿಲ್ಲ. ತಾನಾಗಿ ಆದ ಚೇತರಿಕೆ ಎಷ್ಟು, ಮದ್ದಿನಿಂದ ಆದುದೆಷ್ಟು ಎಂಬುದನ್ನು ಇಷ್ಟರಿಂದ ನಿರ್ಧರಿಸಲಾಗದು.

ಈ ಲೆಕ್ಕವನ್ನು ನಮ್ಮ ಅಡಿಗೆಮನೆಗೆ ತಂದು ನೋಡೋಣ. ಒಣ ಅರಿಸಿನದಲ್ಲಿ ಕರ್ಕ್ಯುಮಿನ್ನಿನ ಅಂಶವು ನೂರಕ್ಕೆ ಸುಮಾರು ಮೂರು ಪಾಲು. ಒಬ್ಬರ ಊಟಕ್ಕೆ ದಿನಕ್ಕೆ ಒಂದೆರಡು ಗ್ರಾಂ ಅರಿಸಿನ ಬಿದ್ದರೆ ಹೊಟ್ಟೆಗೆ ಸೇರುವುದು 30ರಿಂದ 60 ಮಿಲಿಗ್ರಾಂ. ಭಾವನಗರದ ಪ್ರಮಾಣವನ್ನು ಮುಟ್ಟಬೇಕಾದರೆ ದಿನವೊಂದಕ್ಕೆ ಮೂವತ್ತು ಗ್ರಾಮಿಗೂ ಹೆಚ್ಚು ಅರಿಸಿನವನ್ನು ತಿನ್ನಬೇಕು, ಅದು ಅಡಿಗೆಯಾಗದು. ಸಾಲದುದಕ್ಕೆ ಈ ಪದಾರ್ಥವು ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಷ್ಟ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 2 ಗ್ರಾಂ ಕರ್ಕ್ಯುಮಿನ್ನಿನೊಡನೆ ಕರಿಮೆಣಸಿನ ಸಾರವಾದ ಪೈಪರಿನ್ನನ್ನು 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣವು ನೂರಕ್ಕೆ 2000ದಷ್ಟು ಹೆಚ್ಚಿತೆಂದು ಕಂಡರು. ವೈನಾಡಿನ ಬೆಟ್ಟಗಳ ಕರಿಮೆಣಸು ಬಂಡೀಪುರದ ಕಾಡನ್ನು ದಾಟಿ ಬರುವ ಹೆದ್ದಾರಿಯೂ, ಬಯಲಿನ ಅರಿಸಿನವನ್ನು ಹೊತ್ತ ಗಾಡಿಗಳ ದಾರಿಯೂ ಗುಂಡ್ಲುಪೇಟೆಯಲ್ಲಿ ಕೂಡುತ್ತವೆ. ಮೆಣಸನ್ನೂ ಅರಿಸಿನವನ್ನೂ ಒಂದೇ ಲೋಟ ಬಿಸಿ ಹಾಲಿನಲ್ಲಿ ಬೆರಸಿ ರಾತ್ರಿ ಕುಡಿಯಲು ಕೊಡುತ್ತಿದ್ದ ಮುದುಕಿಯರು ಈ ಅಂಕಿಗಳನ್ನು ಅರಿಯದಿದ್ದರೂ ಎರಡರ ಸ್ನೇಹವನ್ನು ಅರಿತಿದ್ದರು. ಆದರೆ 2017ರಲ್ಲಿ ಔಷಧ ರಸಾಯನಜ್ಞರು ಹಿಂದಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಈ ಪದಾರ್ಥವು ದೇಹದಲ್ಲಿ ಸ್ಥಿರವಾಗಿ ನಿಲ್ಲದು, ಇದರ ಮೇಲಿನ ಅತಿಯಾದ ನಂಬಿಕೆಗೆ ಆಧಾರ ಸಾಲದು ಎಂದು ಎಚ್ಚರಿಸಿದುದನ್ನೂ ಮರೆಯಬಾರದು.

ಹೆಚ್ಚು ತಿಂದರೆ ಹೆಚ್ಚು ಗುಣವೆಂಬ ಭ್ರಮೆಯು ಅಪಾಯಕರ. ಸಾರವನ್ನು ದಟ್ಟವಾಗಿಸಿದ ಗುಳಿಗೆಗಳನ್ನು ಸೇವಿಸಿದವರಲ್ಲಿ ಕೆಲವರಿಗೆ ಯಕೃತ್ತಿಗೆ ಹಾನಿಯಾದ ಪ್ರಸಂಗಗಳು ಇಟಲಿಯೇ ಮೊದಲಾದ ದೇಶಗಳಿಂದ ವರದಿಯಾಗಿವೆ. ನಿದ್ರೆ ಬರಲೆಂದು ತೇಯ್ದು ಹಾಕುವ ಜಾಜಿಕಾಯಿಯು ಕೆಲವು ಗ್ರಾಮಿನಷ್ಟಾದರೆ ಅಮಲನ್ನೂ ಭ್ರಾಂತಿಯನ್ನೂ ಉಂಟುಮಾಡುತ್ತದೆ. ಎಳೆಯ ಕೂಸುಗಳಿಗೆ ವೈದ್ಯರನ್ನು ಕೇಳದೆ ಅದನ್ನು ಕೊಡಲೇಬಾರದು. ಪುಡಿ ಅರಿಸಿನಕ್ಕೆ ಬಣ್ಣ ಬರಲೆಂದು ಸೀಸದ ಕ್ರೋಮೇಟನ್ನು ಬೆರಸುವ ದುಷ್ಟತನವು ಬಾಂಗ್ಲಾದೇಶದಲ್ಲಿ ನಡೆಯುತ್ತಿದ್ದುದನ್ನು 2019ರಲ್ಲಿ ಪ್ರಕಟವಾದ ಸಂಶೋಧನೆಯು ಬಯಲಿಗೆಳೆಯಿತು. ಸೀಸವು ಮಕ್ಕಳ ಮೆದುಳನ್ನೇ ಕೆಡಿಸುವ ವಿಷ. ಕೊಂಬನ್ನೇ ಕೊಂಡು ತಂದು ಕಣ್ಣೆದುರಿಗೆ ಪುಡಿ ಮಾಡಿಸಿಕೊಳ್ಳುವ ಹಳೆಯ ಪದ್ಧತಿಯು ಈ ದೃಷ್ಟಿಯಿಂದಲೂ ಶ್ರೇಯಸ್ಕರ.

ನಮ್ಮ ಜ್ಞಾನವನ್ನು ನಾವು ಹೀಗೆ ಒರೆಗೆ ಹಚ್ಚುವುದು ಸ್ವದೇಶಾಭಿಮಾನಕ್ಕೆ ವಿರುದ್ಧವೆಂದು ಕೆಲವರು ಆಕ್ಷೇಪಿಸಬಹುದು. ಅವರಿಗೆ 1995ರ ಪ್ರಸಂಗವನ್ನು ನೆನಪಿಸುತ್ತೇವೆ. ಅರಿಸಿನವು ಗಾಯವನ್ನು ಮಾಯಿಸುತ್ತದೆಂಬ ವಿಷಯಕ್ಕೆ ಆ ವರ್ಷ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೇಂದ್ರಕ್ಕೆ ಏಕಸ್ವಾಮ್ಯದ ಪೇಟೆಂಟು ದೊರೆಯಿತು. ನಮ್ಮ ಯಾವ ಅಜ್ಜಿಯೂ ಅರಿಯದ ಹೊಸ ಸಂಗತಿ ಅದರಲ್ಲಿ ಏನಿತ್ತು? ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯವರು ಡಾ. ರಘುನಾಥ ಮಾಶೇಲ್ಕರರ ನೇತೃತ್ವದಲ್ಲಿ ಇದನ್ನು ಪ್ರತಿಭಟಿಸಿದರು. ಆದರೆ ಅವರು ಗೆದ್ದುದು ಘೋಷಣೆಗಳಿಂದಲ್ಲ. ಹಳೆಯ ಗ್ರಂಥಗಳನ್ನೂ, 1953ರ ಭಾರತೀಯ ವೈದ್ಯಪತ್ರಿಕೆಯ ಲೇಖನವನ್ನೂ ಮುಂದಿಟ್ಟು ಸಾಕ್ಷ್ಯಸಮೇತ ವಾದಿಸಿದುದರಿಂದ 1997ರಲ್ಲಿ ಆ ಹಕ್ಕು ರದ್ದಾಯಿತು. ಗಾಯದ ವಿಷಯದಲ್ಲಿ ಪರರಿಂದ ಪ್ರಮಾಣವನ್ನು ಕೇಳಿದ ನಾವು, ಮನಸ್ಸಿನ ವಿಷಯದಲ್ಲಿ ನಮ್ಮವರೇ ಮಾಡುವ ಪ್ರಚಾರಕ್ಕೂ ಪ್ರಮಾಣವನ್ನು ಕೇಳಬೇಕಾದುದು ನ್ಯಾಯ.

ಹಾಗಾದರೆ ಹಿರಿಯರ ವಾಡಿಕೆಯು ಬರಿಯ ಭ್ರಮೆಯೆ? ಖಂಡಿತವಾಗಿಯೂ ಅಲ್ಲ. ವಾಸನೆಯನ್ನು ಒಯ್ಯುವ ನರಗಳು ಮೆದುಳಿನಲ್ಲಿ ಭಾವನೆಗೂ ನೆನಪಿಗೂ ಸಂಬಂಧಿಸಿದ ಭಾಗಗಳನ್ನು ಇತರ ಇಂದ್ರಿಯಗಳಿಗಿಂತ ಹತ್ತಿರದ ದಾರಿಯಿಂದ ಮುಟ್ಟುತ್ತವೆಂದು ಶಾರೀರಶಾಸ್ತ್ರವು ಹೇಳುತ್ತದೆ. ಇಂಗಿನ ಒಗ್ಗರಣೆಯ ಘಮಲು ಬಂದೊಡನೆ ತೀರಿಹೋದ ತಾಯಿಯು ಕಣ್ಣೆದುರಿಗೆ ನಿಂತಂತಾಗುವುದು ಇದರಿಂದಲೇ. ಆ ನೆನಪಿಗೆ ಬಲ ಬಂದುದು ಎಲ್ಲಿಂದ? ಯಾರೋ ನಮಗಾಗಿ ಒಲೆಯ ಮುಂದೆ ನಿಂತಿದ್ದರು, ನಾವು ಉಣ್ಣುವವರೆಗೆ ಎದುರಿಗೆ ಕುಳಿತಿದ್ದರು ಎಂಬ ಅನುಭವದಿಂದ. ಜೀರಿಗೆಯ ಗುಣವು ಜೀರಿಗೆಯಲ್ಲಿ ಸ್ವಲ್ಪವೇ ಇದ್ದು, ಅದನ್ನು ಅರೆದ ಕೈಯಲ್ಲಿ ಬಹಳವಾಗಿ ಇತ್ತೆಂಬುದು ನಮ್ಮ ಅಭಿಪ್ರಾಯ. ಸೀಸೆಯಲ್ಲಿ ತುಂಬಿ ಮಾರಲಾಗದುದು ಆ ಕೈ ಒಂದೇ.

ಇದು ನಿಜವಾದರೆ, ಆ ಕೈ ಯಾರನ್ನು ಮುಟ್ಟುತ್ತಿದೆ, ಯಾರನ್ನು ಮುಟ್ಟದೆ ಬಿಟ್ಟಿದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ. ಮೊದಲನೆಯದಾಗಿ ನಮ್ಮ ವಿಧವೆಯರ ಮಾತು. ಮನೆಗೆ ಬಂದ ಹೆಂಗಸಿಗೆ ಅರಿಸಿನ ಕುಂಕುಮ ಕೊಟ್ಟು ಕಳುಹಿಸುವುದು ನಮ್ಮ ಸೀಮೆಯ ಸುಂದರವಾದ ಸಂಪ್ರದಾಯ. ನೀನು ನಮ್ಮವಳು, ನಿನಗೆ ಒಳ್ಳೆಯದಾಗಲಿ ಎಂಬುದಲ್ಲದೆ ಅದಕ್ಕೆ ಬೇರೆ ಅರ್ಥವಿಲ್ಲ. ಆದರೆ ಗಂಡನನ್ನು ಕಳೆದುಕೊಂಡವಳ ಮುಂದೆ ಬಂದಾಗ ಆ ತಟ್ಟೆಯು ಪಕ್ಕಕ್ಕೆ ಸರಿಯುತ್ತದೆ. ಮದುವೆಯ ಮನೆಯಲ್ಲಿ ಮಗಳಿಗೆ ಅರಿಸಿನ ಹಚ್ಚುವಾಗ ಹೆತ್ತ ತಾಯಿಯೇ ಬಾಗಿಲ ಮರೆಯಲ್ಲಿ ನಿಂತು ನೋಡಬೇಕಾಗುತ್ತದೆ. ಊರಿನಲ್ಲೆಲ್ಲ ಸಾಂತ್ವನವು ಯಾರಿಗೆ ಹೆಚ್ಚು ಬೇಕೋ ಅವಳಿಗೇ ಅದನ್ನು ನಿರಾಕರಿಸುವ ಈ ನಡವಳಿಕೆಯನ್ನು ಯಾವ ಶಾಸ್ತ್ರದ ಹೆಸರಿನಿಂದ ಸಮರ್ಥಿಸಿದರೂ ನಾವು ಒಪ್ಪಲಾರೆವು. ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಪಂಚಾಯಿತಿಯವರು 2022ರ ಮೇ ತಿಂಗಳಿನಲ್ಲಿ, ಗಂಡ ಸತ್ತವಳ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಗಳನ್ನು ನಿಲ್ಲಿಸಲು ನಿರ್ಣಯ ಮಾಡಿದರು. ಹಳ್ಳಿಯವರು ಮಾಡಿದ ಕಾರ್ಯವನ್ನು ಅರಿಸಿನದ ಕಣಜವಾದ ನಮ್ಮ ಸೀಮೆಯವರು ಮಾಡಲಾಗದೆ? ಇದಕ್ಕೆ ಸರ್ಕಾರದ ಕಾನೂನೂ ಬೇಕಾಗಿಲ್ಲ. ಮನೆಯ ಹಿರಿಯಳೊಬ್ಬಳು ತಟ್ಟೆಯನ್ನು ಮುಂದೆ ಚಾಚಿದರೆ ಸಾಕು.

ಎರಡನೆಯದಾಗಿ ಬೆಳೆಗಾರನ ಮಾತು. ನಾಡಿಗೆಲ್ಲ ಮಂಗಳದ್ರವ್ಯವನ್ನು ಒದಗಿಸುವವನ ಮನಸ್ಸಿಗೇ ನೆಮ್ಮದಿಯಿಲ್ಲ. 2010ರ ಸುಮಾರಿನಲ್ಲಿ ಕ್ವಿಂಟಾಲಿಗೆ ಹದಿನೈದು ಸಾವಿರ ರೂಪಾಯಿಗಳನ್ನು ದಾಟಿದ್ದ ಅರಿಸಿನದ ಧಾರಣೆಯು 2012ರ ಹೊತ್ತಿಗೆ ಅದರ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಹೆಚ್ಚಿನ ಬೆಲೆಯನ್ನು ನೋಡಿ ಸಾಲ ಮಾಡಿ ನೆಟ್ಟವನು, ಬೆಳೆ ಕೈಗೆ ಬರುವ ಹೊತ್ತಿಗೆ ಬೇಯಿಸಿದ ಕೂಲಿಗೂ ಸಾಲದ ಬೆಲೆಯನ್ನು ಕಂಡನು. ಮುಂದೆ ಬೆಲೆ ಏರಿದುದೂ ಉಂಟು. ಆದರೆ ಒಂಬತ್ತು ತಿಂಗಳ ಬೆಳೆಯನ್ನು ನೆಟ್ಟವನಿಗೆ ಕೊನೆಗೆ ಏನು ಸಿಕ್ಕೀತೆಂಬುದು ಜೂಜಿನಂತಾಗಿದೆ. ಕೇಂದ್ರ ಸರ್ಕಾರದವರು ರಾಷ್ಟ್ರೀಯ ಅರಿಸಿನ ಮಂಡಲಿಯನ್ನು 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ಪ್ರಾರಂಭಿಸಿದ್ದಾರೆ. ಅದರ ಉಪಕಾರವು ತೆಲಂಗಾಣದ ಗಡಿಯಲ್ಲಿಯೇ ನಿಲ್ಲದೆ ಚಾಮರಾಜನಗರದ ಕಣಗಳವರೆಗೂ ಬರುವಂತೆ ನಮ್ಮ ಪ್ರತಿನಿಧಿಗಳು ಎಚ್ಚರ ವಹಿಸಬೇಕು. ಬೇಯಿಸುವ, ಒಣಗಿಸುವ, ದಾಸ್ತಾನಿಡುವ ಅನುಕೂಲಗಳು ಹೋಬಳಿಗಳಲ್ಲಿಯೇ ದೊರೆತರೆ, ಬೆಲೆ ಬಿದ್ದ ದಿನವೇ ಮಾರಬೇಕಾದ ದುರವಸ್ಥೆಯು ರೈತನಿಗೆ ತಪ್ಪುತ್ತದೆ.

ಮೂರನೆಯದಾಗಿ, ನಿಜವಾಗಿ ರೋಗಕ್ಕೆ ತುತ್ತಾದವರ ಮಾತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದರು. ತೊಂದರೆಯ ಬಗೆಯನ್ನನುಸರಿಸಿ, ಅವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಊಟ ನಿದ್ರೆಗಳನ್ನು ವಾರಗಟ್ಟಲೆ ಬಿಟ್ಟು ಮೂಲೆ ಹಿಡಿದವನಿಗೆ, ಬದುಕೇ ಬೇಡವೆನ್ನುವವಳಿಗೆ, ದೃಷ್ಟಿ ತೆಗೆದು ಕಷಾಯ ಕುಡಿಸುತ್ತ ತಿಂಗಳುಗಳನ್ನು ಕಳೆಯುವುದು ಪ್ರೀತಿಯಿಂದ ಮಾಡುವ ಅಪಚಾರ. ಅಜ್ಜಿಯ ಸಾರೂ ಇರಲಿ, ವೈದ್ಯರ ಮದ್ದೂ ಇರಲಿ. ಒಂದು ಇನ್ನೊಂದನ್ನು ತಡೆಯಬಾರದು. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದಾಗ, ಸೋಲಿಗರ ಮೂಲಿಕಾಜ್ಞಾನವನ್ನು ಗೌರವಿಸುತ್ತಲೇ ಆಧುನಿಕ ಚಿಕಿತ್ಸೆಯನ್ನು ಕಾಡಿನ ನಡುವೆ ತಂದರು. ಎರಡೂ ಒಟ್ಟಿಗೆ ಬಾಳಬಲ್ಲವೆಂಬುದಕ್ಕೆ ನಮಗೆ ದೂರದ ನಿದರ್ಶನ ಬೇಕಾಗಿಲ್ಲ.

1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾದ ಚಾಮರಾಜನಗರದ ಅಧಿಕಾರಿಗಳಿಗೆ ನಮ್ಮ ಸೂಚನೆಗಳು ಇಷ್ಟೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಗುವ ದಿನಗಳನ್ನು ಸಂತೆಯ ದಿನದಷ್ಟೇ ಸ್ಪಷ್ಟವಾಗಿ ಹಳ್ಳಿಹಳ್ಳಿಗೂ ಸಾರಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿಯಲ್ಲಿ 14416 ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ದುಃಖವನ್ನು ಹೇಳಿಕೊಳ್ಳಬಹುದೆಂಬುದನ್ನು ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಮಾರುಕಟ್ಟೆಯ ಅಂಗಳಗಳಲ್ಲಿ ಬರೆಸಬೇಕು. ಪುಡಿ ಅರಿಸಿನದ ಮಾದರಿಗಳನ್ನು ಆಗಾಗ ಪರೀಕ್ಷೆಗೆ ಕಳುಹಿಸಿ ಫಲಿತಾಂಶವನ್ನು ಪ್ರಕಟಿಸಬೇಕು. ಆಶಾ ಕಾರ್ಯಕರ್ತೆಯರು ಬಾಣಂತಿಯನ್ನು ನೋಡಲು ಹೋದಾಗ ಕೂಸಿನ ತೂಕದೊಡನೆ ತಾಯಿಯ ಮನಸ್ಸಿನ ಸ್ಥಿತಿಯನ್ನೂ ವಿಚಾರಿಸುವಂತೆ ಮಾಡಬೇಕು. ಇವು ಬಹಳ ಹಣವನ್ನು ಬೇಡುವ ಕಾರ್ಯಗಳಲ್ಲ.

ವಾಚಕರಲ್ಲಿ ನಮ್ಮ ಪ್ರಾರ್ಥನೆಯು ಇನ್ನೂ ಚಿಕ್ಕದು. ನೆರೆಮನೆಯಲ್ಲಿ ದುಃಖವಿದ್ದರೆ ಇಂದು ರಾತ್ರಿ ಒಂದು ಚೊಂಬು ಮೆಣಸಿನ ಸಾರನ್ನು ಕೊಂಡೊಯ್ಯಿರಿ. ಕೊಟ್ಟು ಹಿಂದಿರುಗಬೇಡಿ, ಅವರು ಉಣ್ಣುವವರೆಗೆ ಎದುರಿಗೆ ಕುಳಿತುಕೊಳ್ಳಿರಿ. ಮಾತು ಬಂದರೆ ಕೇಳಿರಿ, ಬಾರದಿದ್ದರೆ ಸುಮ್ಮನಿರಿ. ವೈದ್ಯರ ಬಳಿಗೆ ಹೋಗಬೇಕಾದ ದುಃಖವೆಂದು ಕಂಡರೆ ಮಾರನೆಯ ದಿನ ಜೊತೆಯಲ್ಲಿ ಹೋಗಿರಿ. ನಮ್ಮ ಹಿರಿಯರು ಒಗ್ಗರಣೆ ಡಬ್ಬಿಯನ್ನು ತೆರೆದುದು ಇದಕ್ಕಾಗಿಯೇ.